ಕಬ್ಬಿನ ಗದ್ದೆಯಿಂದ ಮೌನಕಣಿವೆಗೆ: ಕೀರ್ತಿಶೇಷ ಜಾನಕಿ ಅಮ್ಮಾಳ್

ಬೆಳಗಿನ ಜಾವದಲ್ಲಿ ಒಲೆ ಹೊತ್ತಿಸಿ ನೂರಾರು ಲೋಟ ಕಾಫಿಗೆ ಸಕ್ಕರೆ ಬೆರೆಸುವ ನಮ್ಮ ಹೋಟೆಲು ಬಂಧುಗಳಿಗೆ, ಆ ಸಕ್ಕರೆಯ ಮೂಲವನ್ನು ವಿಚಾರಿಸುವಷ್ಟು ವಿರಾಮವೆಲ್ಲಿ? ಕಡತಗಳ ನಡುವೆ ಆ ಕಾಫಿಯನ್ನು ಗುಟುಕರಿಸುವ ಗುಮಾಸ್ತ ಮಿತ್ರರಿಗೂ ಅದು ನೆನಪಾಗುವ ವಿಷಯವಲ್ಲ. ಆದರೆ ನಮ್ಮ ದೇಶದ ಕಬ್ಬಿನ ಗಟ್ಟಿತನದ ಹಿಂದೆ ಹೊಳೆಯ ದಂಡೆಯಲ್ಲಿ ಬೆಳೆಯುವ ಒಂದು ಕಾಡುಹುಲ್ಲು ಇದೆ. ಆ ಹುಲ್ಲಿನ ಜೀವಕೋಶದ ಒಳಗನ್ನು ಸೂಕ್ಷ್ಮದರ್ಶಕದಲ್ಲಿ ದಿಟ್ಟಿಸಿ ನೋಡಿದ ಒಬ್ಬ ವಿದುಷಿ, ಮುಪ್ಪಿನಲ್ಲಿ ಒಂದು ಕಾಡಿನ ಉಳಿವಿಗಾಗಿ ದನಿಯೆತ್ತಿದರು. ಡಾಕ್ಟರ್ ಎಡವಲೇತ್ ಕಕ್ಕಾಟ್ ಜಾನಕಿ ಅಮ್ಮಾಳ್ ಎಂಬ ಆ ಮಹನೀಯೆಯ ಚರಿತ್ರೆಯನ್ನು ಇಂದು ವಾಚಕರ ಮುಂದಿಡಲು ಬಯಸುತ್ತೇವೆ.

ಜಾನಕಿ ಅಮ್ಮಾಳ್ ಅವರು ಹುಟ್ಟಿದುದು 1897ರ ನವೆಂಬರ್ 4ರಂದು, ಮಲಬಾರಿನ ತಲಶ್ಶೇರಿಯಲ್ಲಿ. ಅಂದು ಮಲಬಾರೂ ನಮ್ಮ ದಕ್ಷಿಣ ಕನ್ನಡವೂ ಒಂದೇ ಮದರಾಸು ಪ್ರಾಂತದ ನೆರೆಹೊರೆಯ ಜಿಲ್ಲೆಗಳು. ಒಂದೇ ಘಟ್ಟದ ನೆರಳು, ಒಂದೇ ಕಡಲಿನ ಗಾಳಿ. ತಂದೆ ಇ. ಕೆ. ಕೃಷ್ಣನ್ ಅವರು ಸಬ್ ಜಡ್ಜರು. ಪಕ್ಷಿಗಳಲ್ಲಿಯೂ ತೋಟದಲ್ಲಿಯೂ ಆಸಕ್ತಿಯುಳ್ಳವರು. ತಾಯಿ ದೇವಿಯವರು ಬ್ರಿಟಿಷ್ ಅಧಿಕಾರಿಯೊಬ್ಬರ ಮಗಳು. ತೀಯ ಸಮುದಾಯದ ಆ ತುಂಬು ಕುಟುಂಬದಲ್ಲಿ ಅಕ್ಕತಂಗಿಯರು ವಿವಾಹವಾಗಿ ಸಂಸಾರಕ್ಕೆ ಹೊರಟಾಗ, ಜಾನಕಿಯವರು ವಿದ್ಯೆಯನ್ನೇ ವರಿಸಿದರು. ಕೊನೆಯವರೆಗೂ ಅವರು ಅವಿವಾಹಿತೆಯಾಗಿಯೇ ಉಳಿದರು.

ಮದರಾಸಿನ ಕ್ವೀನ್ ಮೇರಿ ಕಾಲೇಜು, ಪ್ರೆಸಿಡೆನ್ಸಿ ಕಾಲೇಜುಗಳಲ್ಲಿ ಓದಿ 1921ರಲ್ಲಿ ಸಸ್ಯಶಾಸ್ತ್ರದಲ್ಲಿ ಆನರ್ಸ್ ಪದವಿ ಪಡೆದ ಬಳಿಕ, ಅವರು ಕೆಲಕಾಲ ಅಲ್ಲಿಯೇ ಅಧ್ಯಾಪಕರಾಗಿದ್ದರು. ಅನಂತರ ಬಾರ್ಬರ್ ವಿದ್ಯಾರ್ಥಿವೇತನ ದೊರೆತು ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾನಿಲಯವನ್ನು ಸೇರಿದರು. 1931ರಲ್ಲಿ ಅಲ್ಲಿಂದ ಡಾಕ್ಟರೇಟ್ ಪಡೆದರು. ನಮ್ಮ ನಾಡಿನ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರೇ ಅಪರೂಪವಾಗಿದ್ದ ಕಾಲವದು ಎಂಬುದನ್ನು ನೆನೆದರೆ ಈ ಸಾಧನೆಯ ತೂಕ ತಿಳಿದೀತು.

ಸ್ವದೇಶಕ್ಕೆ ಮರಳಿ ತಿರುವನಂತಪುರದಲ್ಲಿ ಎರಡು ವರ್ಷ ಪ್ರಾಧ್ಯಾಪಕರಾಗಿದ್ದು, 1934ರಲ್ಲಿ ಅವರು ಕೊಯಮತ್ತೂರಿನ ಕಬ್ಬು ತಳಿ ಸಂಶೋಧನಾಲಯಕ್ಕೆ ಬಂದರು. ಅಲ್ಲಿಯ ಸಮಸ್ಯೆ ಸ್ವಾರಸ್ಯವಾದುದು. ಉಷ್ಣವಲಯದ ದ್ವೀಪಗಳಿಂದ ಬಂದ ದಪ್ಪ ರಸದಾಳಿ ಜಾತಿಯ ಕಬ್ಬು ಬಲು ಸಿಹಿ, ಆದರೆ ಸುಕುಮಾರ. ಉತ್ತರದ ಚಳಿಯನ್ನೂ ರೋಗವನ್ನೂ ತಾಳದು. ಕಾಶವೆಂಬ ಕಾಡುಹುಲ್ಲಿನಲ್ಲಿ ಸಿಹಿಯಿಲ್ಲ, ಆದರೆ ಚಳಿ, ಬರ, ಜೌಗು ಎಲ್ಲವನ್ನೂ ಸಹಿಸುವ ಕೆಚ್ಚಿದೆ. ಇವೆರಡನ್ನೂ ಬೆರೆಸಿ ಹೊಸ ತಳಿಗಳನ್ನು ಪಡೆಯುವ ಕಾರ್ಯವನ್ನು ಬಾರ್ಬರ್, ವೆಂಕಟರಾಮನ್ ಮೊದಲಾದವರು ಆಗಲೇ ಆರಂಭಿಸಿದ್ದರು. ಬೆರೆಯುವಾಗ ಜೀವಕೋಶದೊಳಗೆ ನಡೆಯುವುದೇನು ಎಂಬುದನ್ನು ಅರಸಿದವರು ಜಾನಕಿ ಅಮ್ಮಾಳ್. ಕಾಡುಕಬ್ಬಿನ ನಾನಾ ಬಗೆಗಳ ವರ್ಣತಂತುಗಳನ್ನು ಅವರು ಎಣಿಸಿದರು. ಕಬ್ಬನ್ನು ಮೆಕ್ಕೆಜೋಳದೊಡನೆ ಕೂಡ ಸಂಕರಗೊಳಿಸಿದರು. 1935ರಲ್ಲಿ ಸರ್ ಸಿ. ವಿ. ರಾಮನ್ನರು ಬೆಂಗಳೂರಿನಲ್ಲಿ ಸ್ಥಾಪಿಸಿದ್ದ ಭಾರತೀಯ ವಿಜ್ಞಾನ ಅಕಾಡೆಮಿಯು ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿಕೊಂಡಿತು. ಆದರೂ ಕೊಯಮತ್ತೂರಿನ ಪುರುಷ ಸಹೋದ್ಯೋಗಿಗಳ ನಡುವೆ ಒಂಟಿ ಹೆಣ್ಣಾದ ಅವರ ದಾರಿ ಸುಗಮವಾಗಿರಲಿಲ್ಲ.

1939ರಲ್ಲಿ ಎಡಿನ್‌ಬರೋದ ಅಂತರರಾಷ್ಟ್ರೀಯ ಸಮ್ಮೇಳನಕ್ಕೆಂದು ಹೋದಾಗ ಯುದ್ಧ ಸ್ಫೋಟಿಸಿತು. ಹೋದವರು ಅಲ್ಲಿಯೇ ನಿಂತು, ಲಂಡನ್ನಿನ ಜಾನ್ ಇನ್ನೆಸ್ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು. ಬಾಂಬು ಬೀಳುವ ರಾತ್ರಿಗಳಲ್ಲಿ ಮಂಚದಡಿ ಅವಿತು, ಬೆಳಗಾದ ಮೇಲೆ ಕಪಾಟುಗಳ ಮೇಲಿನ ಒಡೆದ ಗಾಜನ್ನು ಗುಡಿಸಿ ಕೆಲಸ ಮುಂದುವರಿಸುತ್ತಿದ್ದರೆಂದು ಬಂಧುಗಳು ಸ್ಮರಿಸಿದ್ದಾರೆ. 1945ರಲ್ಲಿ ಡಾರ್ಲಿಂಗ್ಟನ್ ಅವರೊಡನೆ ಸೇರಿ, ಸುಮಾರು 10,000 ಸಸ್ಯಗಳ ವರ್ಣತಂತುಗಳ ಸಂಖ್ಯೆಯನ್ನು ಕೊಡುವ ಕೋಶವೊಂದನ್ನು ಅವರು ಪ್ರಕಟಿಸಿದರು. ಅನಂತರ ವಿಸ್ಲಿಯ ರಾಜ ತೋಟಗಾರಿಕಾ ಸಂಘದಲ್ಲಿ 1951ರವರೆಗೆ ದುಡಿದರು.

ವರ್ಣತಂತುಗಳನ್ನು ನಾವು ಅಂಗಡಿಯ ಲೆಕ್ಕದ ಪುಸ್ತಕಕ್ಕೆ ಹೋಲಿಸಬಹುದು. ಕೋಶವು ಎರಡಾಗುವ ಮುನ್ನ ಪುಸ್ತಕದ ನಕಲು ಸಿದ್ಧವಾಗುತ್ತದೆ. ಭಾಗವಾದ ಮೇಲೆ ಒಂದೊಂದು ಮನೆಗೆ ಒಂದೊಂದು ಪ್ರತಿ. ಕಾಲ್ಚಿಸಿನ್ ಎಂಬ ಸಸ್ಯವಿಷವನ್ನು ಸೋಕಿಸಿದರೆ ನಕಲೇನೋ ಆಗುತ್ತದೆ, ಆದರೆ ಮನೆ ಭಾಗವಾಗುವುದಿಲ್ಲ. ಒಂದೇ ಮನೆಯಲ್ಲಿ ಎರಡು ಪ್ರತಿಗಳು ಉಳಿಯುತ್ತವೆ. ಹೀಗೆ ವರ್ಣತಂತು ಇಮ್ಮಡಿಯಾದ ಗಿಡ ಎಷ್ಟೋ ವೇಳೆ ದೊಡ್ಡ ಎಲೆ, ದೊಡ್ಡ ಹೂ ತಳೆಯುತ್ತದೆ. ವಿಸ್ಲಿಯಲ್ಲಿ ಅವರು ಹೀಗೆ ಬೆಳೆಸಿದ ಮ್ಯಾಗ್ನೋಲಿಯಾ ಹೂಮರಕ್ಕೆ ಇಂದಿಗೂ ಅವರ ಹೆಸರಿದೆ. ಪ್ರಯೋಗಶಾಲೆಯಲ್ಲಿ ವಿಷದಿಂದಾಗುವ ಈ ಇಮ್ಮಡಿ, ನಿಸರ್ಗದಲ್ಲಿ ತಾನಾಗಿಯೇ ನಡೆಯುವುದುಂಟು. ಹಿಮಾಲಯದ ಶೀತವೂ ಆರ್ದ್ರವೂ ಆದ ಈಶಾನ್ಯ ಭಾಗದಲ್ಲಿ, ಶೀತವೂ ಶುಷ್ಕವೂ ಆದ ವಾಯವ್ಯ ಭಾಗಕ್ಕಿಂತ ಹೆಚ್ಚು ಹೊಸ ಸಸ್ಯಜಾತಿಗಳು ಮೂಡಿರುವುದಕ್ಕೆ ವರ್ಣತಂತುಗಳ ಈ ವೃದ್ಧಿಯೇ ಕಾರಣವೆಂದು ಅವರು ಪ್ರತಿಪಾದಿಸಿದರು. ನೆಲದ ಕಷ್ಟಸುಖವು ಕೋಶದ ಲೆಕ್ಕದಲ್ಲಿ ಬರೆಯಲ್ಪಟ್ಟಿರುತ್ತದೆಂಬುದೇ ಅವರ ವಿಜ್ಞಾನದ ತಿರುಳು.

1951ರಲ್ಲಿ ಪ್ರಧಾನಿ ನೆಹರೂ ಅವರ ಆಹ್ವಾನದ ಮೇರೆಗೆ ಸ್ವದೇಶಕ್ಕೆ ಮರಳಿ, ಭಾರತೀಯ ಸಸ್ಯ ಸರ್ವೇಕ್ಷಣದ ಪುನರ್ರಚನೆಯ ಹೊಣೆ ಹೊತ್ತರು. ಅಂದಿನ ಅಲಹಾಬಾದಿನ ಕೇಂದ್ರ ಸಸ್ಯ ಪ್ರಯೋಗಾಲಯದ ಮೊದಲ ನಿರ್ದೇಶಕರಾದರು. ಹೆಚ್ಚು ಆಹಾರ ಬೆಳೆಯಿರೆಂಬ ಕರೆಗೆ ಓಗೊಟ್ಟು ಕಾಡು ಕಡಿದು ಹೊಲ ಮಾಡುತ್ತಿದ್ದ ಕಾಲವದು. ನಮ್ಮ ಸಂಪಿಗೆಯ ಬಳಗಕ್ಕೆ ಸೇರಿದ ಒಂದು ಅಪೂರ್ವ ಮ್ಯಾಗ್ನೋಲಿಯಾ ಜಾತಿಯ ಮರ, ಅಸ್ಸಾಮಿನ ಆ ಭಾಗದಲ್ಲಿ ಒಂದೇ ಒಂದು ಉಳಿದಿತ್ತು. ಅದನ್ನು ಕಾಣಲು ಅವರು ಷಿಲ್ಲಾಂಗಿನಿಂದ 37 ಮೈಲಿ ಪ್ರಯಾಣ ಮಾಡಿದರು. ತಲಪಿದಾಗ ಮರ ಸುಟ್ಟುಹೋಗಿತ್ತು.

ಈ ಘಟನೆಯ ಅರ್ಥವನ್ನು ಕಬ್ಬಿನ ಕಥೆಯೊಡನೆ ಇಟ್ಟು ನೋಡಬೇಕೆಂದು ನಮಗೆ ತೋರುತ್ತದೆ. ಕಾಶದ ಹುಲ್ಲನ್ನು ಕಳೆಯೆಂದು ನಿರ್ಮೂಲ ಮಾಡಿದ್ದರೆ ಕಬ್ಬಿಗೆ ಕೆಚ್ಚು ತರುವುದೆಲ್ಲಿಂದ? ಜಾಣನಾದ ಮನುಷ್ಯನು ಎರಡು ತಳಿಗಳನ್ನು ಬೆರೆಸಬಲ್ಲ, ವರ್ಣತಂತುಗಳನ್ನು ಇಮ್ಮಡಿಸಬಲ್ಲ. ಆದರೆ ಸುಟ್ಟುಹೋದ ಜಾತಿಯನ್ನು ಮರಳಿ ಬರೆಯಲಾರ. 1955ರಲ್ಲಿ ಭೂಮಿಯ ಮೇಲೆ ಮನುಷ್ಯನು ತಂದ ಮಾರ್ಪಾಡುಗಳನ್ನು ಕುರಿತು ಅಮೆರಿಕೆಯ ಪ್ರಿನ್ಸ್‌ಟನ್ನಿನಲ್ಲಿ ನಡೆದ ಪ್ರಸಿದ್ಧ ವಿಚಾರಗೋಷ್ಠಿಗೆ ಆಹ್ವಾನಿತರಾದ ಏಕೈಕ ಮಹಿಳೆ ಜಾನಕಿ ಅಮ್ಮಾಳ್. ಭಾರತದ ಜೀವನೋಪಾಯದ ಬೇಸಾಯವನ್ನು ಅವರು ಅಲ್ಲಿ ವಿವರಿಸಿದರು.

ಬಳಿಕ ಜಮ್ಮುವಿನಲ್ಲಿಯೂ, ಕೆಲಕಾಲ ನಮ್ಮ ಮುಂಬಯಿಯ ಟ್ರಾಂಬೆಯ ಅಣು ಸಂಶೋಧನ ಕೇಂದ್ರದಲ್ಲಿಯೂ ಸೇವೆ ಸಲ್ಲಿಸಿ, 1970ರಲ್ಲಿ ಮದರಾಸಿನಲ್ಲಿ ನೆಲೆಸಿದರು. 1977ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಆ ವರ್ಷಗಳಲ್ಲಿಯೇ ಪಾಲಕ್ಕಾಡು ಜಿಲ್ಲೆಯ ಸೈಲೆಂಟ್ ವ್ಯಾಲಿ ಎಂಬ ಮೌನಕಣಿವೆಯಲ್ಲಿ, ಕುಂತಿಪುಳ ಹೊಳೆಗೆ ಅಣೆಕಟ್ಟು ಕಟ್ಟಿ ವಿದ್ಯುತ್ತು ತೆಗೆಯುವ ಯೋಜನೆ ಬಿರುಸಿನ ವಿವಾದಕ್ಕೆ ಗುರಿಯಾಯಿತು. ಮಲಬಾರಿಗೆ ದೀಪವೂ ಉದ್ಯೋಗವೂ ಬೇಕಾಗಿದ್ದವೆಂಬುದು ಸುಳ್ಳಲ್ಲ. ಆ ಬೇಡಿಕೆಯನ್ನು ಹಗುರಾಗಿ ಕಾಣುವುದು ನ್ಯಾಯವೂ ಅಲ್ಲ. ಆದರೆ ಅದರ ಬೆಲೆಯೆಂದರೆ ಸಿಂಗಳೀಕಗಳು ನೆಲಸಿದ ಪುರಾತನ ಮಳೆಕಾಡಿನ ಮುಳುಗಡೆ. ಎಂಬತ್ತರ ಹರೆಯದ ಆ ವೃದ್ಧೆ, ಕಾಡನ್ನು ಉಳಿಸಬೇಕೆಂದ ಕವಿಗಳು, ಶಿಕ್ಷಕರು, ವಿಜ್ಞಾನಿಗಳೊಡನೆ ನಿಂತರು. ಬರಿಯ ಮಾತಿನಿಂದ ತೃಪ್ತರಾಗದೆ, ನೀರು ನುಗ್ಗುವ ಮೊದಲೇ ಆ ಕಣಿವೆಯ ಮರಗಳ ವರ್ಣತಂತುಗಳನ್ನು ಎಣಿಸಿಡುವ ಕಾರ್ಯವನ್ನು ಕೈಗೆತ್ತಿಕೊಂಡರು.

1983ರಲ್ಲಿ ಯೋಜನೆಯನ್ನು ಕೈಬಿಡಲಾಯಿತು. 1984ರ ಫೆಬ್ರವರಿ 7ರಂದು ಮದರಾಸಿನ ಬಳಿಯ ಮದುರವೊಯಲಿನಲ್ಲಿ ಜಾನಕಿ ಅಮ್ಮಾಳ್ ತೀರಿಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ಮೌನಕಣಿವೆಯ ಸುಮಾರು 90 ಚದರ ಕಿಲೋಮೀಟರು ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಆ ದಿನವನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ.

ಊರು ಬಿಟ್ಟು ಪರಸ್ಥಳದಲ್ಲಿ ದುಡಿಯುವ ನಮಗೆ, ಬಾಳಿನ ಬಹುಭಾಗವನ್ನು ಹುಟ್ಟೂರಿನಿಂದ ದೂರದಲ್ಲಿಯೇ ಕಳೆದ ಈ ಮಹನೀಯೆ ಪರಕೀಯರಲ್ಲ. ಮೌನಕಣಿವೆಯ ಸಿಂಗಳೀಕದ ಬಳಗವೇ ನಮ್ಮ ಶರಾವತಿಯ ಕಾಡುಗಳಲ್ಲಿಯೂ ಇದೆ. ರಜೆಯಲ್ಲಿ ಊರಿಗೆ ಹೊರಟ ಬಂಧುಗಳು ಘಟ್ಟವಿಳಿಯುವಾಗ, ದಾರಿಯ ಬದಿಯ ಹೆಸರರಿಯದ ಗಿಡವನ್ನೊಮ್ಮೆ ನೋಡಲಿ. ನಾಳಿನ ಯಾವ ಬೆಳೆಗೆ ಅದರ ಕೆಚ್ಚು ಬೇಕಾದೀತೋ ಬಲ್ಲವರಾರು?