ಬಚ್ಚಲ ಹಂಡೆಯ ಲೆಕ್ಕ ಕೇಳಿದ ವಿಜ್ಞಾನಿ: ಅಮೂಲ್ಯ ರೆಡ್ಡಿ

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಿಂದ ಬಂದವರಿಗೆ ಬಚ್ಚಲುಮನೆಯ ಹಂಡೆ ಗೊತ್ತೇ ಇರುತ್ತೆ. ಕೆಳಗೆ ತೆಂಗಿನ ಗರಿ, ಮಟ್ಟೆ, ಚಿಪ್ಪು ಉರೀತಿರುತ್ತೆ, ಮೇಲೆ ನೀರು ಕಾಯ್ತಿರುತ್ತೆ. ಆ ಉರಿಯಲ್ಲಿ ನೀರಿಗೆ ಸೇರಿದ್ದೆಷ್ಟು, ಗೋಡೆಗೆ, ಗಾಳಿಗೆ, ಹೊಗೆಗೆ ಹೋಗಿದ್ದೆಷ್ಟು ಅಂತ ನಮ್ಮ ಮನೆಗಳಲ್ಲಿ ಯಾರೂ ಲೆಕ್ಕ ಇಡಲ್ಲ. ಅಂಥ ಲೆಕ್ಕ ಕೇಳಿಕೊಂಡು ನಮ್ಮ ಕುಣಿಗಲ್ ತಾಲ್ಲೂಕಿಗೇ ಬಂದವರು ಪ್ರೊ. ಅಮೂಲ್ಯ ಕುಮಾರ್ ಎನ್. ರೆಡ್ಡಿ.

ಅವರು ಹುಟ್ಟಿದ್ದು 1930ರ ಅಕ್ಟೋಬರ್ 21ರಂದು, ಬೆಂಗಳೂರಿನಲ್ಲಿ. ಓದಿದ್ದು ರಸಾಯನಶಾಸ್ತ್ರ. ಲಂಡನ್ನಿನಲ್ಲಿ ಪಿಎಚ್.ಡಿ. ಮಾಡಿ, ಅಮೆರಿಕದಲ್ಲಿ ಕೆಲವು ವರ್ಷ ಸಂಶೋಧನೆ ನಡೆಸಿ, 1966ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. 1970ರಲ್ಲಿ ಬಾಕ್ರಿಸ್ ಅವರ ಜೊತೆ ಬರೆದ ಮಾಡರ್ನ್ ಎಲೆಕ್ಟ್ರೋಕೆಮಿಸ್ಟ್ರಿ ಎಂಬ ಪಠ್ಯಪುಸ್ತಕ ಜಗತ್ತಿನಾದ್ಯಂತ ಹೆಸರು ಮಾಡಿತು. ಆ ದಾರಿಯಲ್ಲೇ ಮುಂದುವರಿದಿದ್ದರೆ ಸಾಕಿತ್ತು. ಆದರೆ ತಾವು ಮಾಡೋ ವಿಜ್ಞಾನ ನಗರದಾಚೆಯ ಜನಕ್ಕೆ ತಲುಪುತ್ತಿಲ್ಲ ಅನ್ನೋದು ಅವರನ್ನ ಕಾಡತೊಡಗಿತು. 1974ರಲ್ಲಿ ಸಂಸ್ಥೆಯೊಳಗೇ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದರು. ಅದರ ವಿಸ್ತರಣಾ ಕೇಂದ್ರ ಶುರುವಾಗಿದ್ದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ.

ಅಲ್ಲಿ ಅವರ ತಂಡ ಮೊದಲು ಮಾಡಿದ ಕೆಲಸ ಯಂತ್ರ ತಯಾರಿಸೋದಲ್ಲ, ಮನೆಮನೆಗೆ ಹೋಗಿ ವಿಚಾರಿಸೋದು. ಆರು ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತೆ ಅಂತ ಅಳೆದರು. ಅದರಲ್ಲಿ ಪುರ ಎಂಬ ಹಳ್ಳಿಯಲ್ಲಿ ಇದ್ದದ್ದು 56 ಮನೆ, 357 ಜನ. ವರ್ಷಕ್ಕೆ ಸುಮಾರು 217 ಟನ್ ಸೌದೆ, ಅಂದರೆ ತಲೆಗೆ ಸುಮಾರು 600 ಕೆ.ಜಿ. ಅದರಲ್ಲಿ ಬಹುಪಾಲು ಅಡುಗೆಗೆ, ಆಮೇಲಿನ ಸ್ಥಾನ ಸ್ನಾನದ ನೀರಿಗೆ. ವಿದ್ಯುತ್ತಿನ ಪಾಲು ನೂರಕ್ಕೆ ಒಂದೂ ಇರಲಿಲ್ಲ. ಹೊತ್ತು ತರೋ ಹೆಂಗಸರು, ಮಕ್ಕಳ ದುಡಿಮೆಯೂ ಈ ಲೆಕ್ಕಕ್ಕೆ ಬಂತು. ಸುಮ್ಮನೆ ಸೋರಿಹೋದ ಶಾಖ ಅಂದರೆ ಯಾರೋ ತಲೆ ಮೇಲೆ ಹೊತ್ತು ತಂದ ಸೌದೆ.

ಈ ತಿಳಿವಳಿಕೆಯಿಂದಲೇ ಅವರ ಸಹೋದ್ಯೋಗಿಗಳು ಅಸ್ತ್ರ ಒಲೆ ರೂಪಿಸಿದರು. ಉರಿಯನ್ನು ಸುತ್ತಲೂ ಮುಚ್ಚಿ, ಒಳಬರೋ ಗಾಳಿಗೆ ಮಿತಿ ಹಾಕಿ, ಹೊಗೆ ಚಿಮಣಿ ಸೇರೋ ಮುಂಚೆ ಮೂರು ಪಾತ್ರೆಗಳ ತಳ ಸವರಿಕೊಂಡು ಹೋಗೋ ಹಾಗೆ ಮಾಡಿದರು.

ಎಲ್ಲವೂ ಗೆದ್ದಿತು ಅಂತಲ್ಲ. ಪುರದಲ್ಲಿ ಸಗಣಿ ಗ್ಯಾಸಿನಿಂದ ಇಡೀ ಊರಿನ ಅಡುಗೆ ನಡೆಸಬೇಕು ಅನ್ನೋ ಯೋಜನೆ ಗ್ಯಾಸ್ ಸಾಲದೆ ಕೈಕೊಟ್ಟಿತು. ತಂಡ ಮತ್ತೆ ಊರಿನವರನ್ನೇ ಕೇಳಿತು. ಅವರಿಗೆ ಮೊದಲು ಬೇಕಿದ್ದದ್ದು ಕುಡಿಯೋ ನೀರು. 1987ರಿಂದ ಅದೇ ಗ್ಯಾಸ್ ಒಂದು ಎಂಜಿನ್ ಓಡಿಸಿ, ಬೋರ್‌ವೆಲ್ ನೀರೆತ್ತಿ, ಮನೆಗಳಿಗೆ ದೀಪ ಕೊಟ್ಟಿತು.

ಅದೇ ವರ್ಷ ರಾಜ್ಯದ ವಿದ್ಯುತ್ ಯೋಜನಾ ಸಮಿತಿಯೊಂದು 2000ನೇ ಇಸವಿಗೆ ಕರ್ನಾಟಕಕ್ಕೆ ಸುಮಾರು 9,400 ಮೆಗಾವ್ಯಾಟ್ ಬೇಕು ಅಂತ ಅಂದಾಜು ಮಾಡಿತು. ರೆಡ್ಡಿಯವರು ಹಳ್ಳಿಯಲ್ಲಿ ಕಲಿತ ವಿಧಾನವನ್ನೇ ಇಡೀ ರಾಜ್ಯಕ್ಕೆ ಹಾಕಿದರು. ಜನಕ್ಕೆ ಬೇಕಿರೋದು ಮೆಗಾವ್ಯಾಟ್ ಅಲ್ಲ, ಬೆಳಕು, ಬಿಸಿನೀರು, ಬೆಂದ ಅನ್ನ ಅಂತ ಹಿಡಿದು, ಕೊನೆಯ ಬಳಕೆಯಿಂದ ಹಿಂದಕ್ಕೆ ಲೆಕ್ಕ ಹಾಕಿದರು. ಗೀಸರ್ ಬದಲು ಸೋಲಾರ್, ಬುರುಡೆ ಬಲ್ಬ್ ಬದಲು ಸಿಎಫ್ಎಲ್, ದಕ್ಷ ಪಂಪುಗಳು ಎಲ್ಲ ಸೇರಿದಾಗ ಅವರ ತಂಡಕ್ಕೆ ಸಿಕ್ಕ ಅಂಕಿ ಸುಮಾರು 4,000 ಮೆಗಾವ್ಯಾಟ್.

ಕಟ್ಟಡದ ಎನರ್ಜಿ ಮಾಡೆಲ್ ಮಾಡುವಾಗ ಈ ವಿಧಾನ ನಮಗೆ ನೇರವಾಗಿ ಬೇಕಾಗುತ್ತೆ. 15 ಲೀಟರ್ ನೀರನ್ನ 25 ಡಿಗ್ರಿಯಿಂದ 45ಕ್ಕೆ ಏರಿಸೋಕೆ ಸುಮಾರು 0.35 ಯೂನಿಟ್ ಬೇಕು. ಹಾಸ್ಟೆಲ್ ಟೆರೇಸಿನ ಸೋಲಾರ್ ಟ್ಯಾಂಕಿಂದ ಕೆಳಗಿನ ಬಚ್ಚಲಿಗೆ 20 ಮಿ.ಮೀ. ಒಳವ್ಯಾಸದ ಪೈಪು 20 ಮೀಟರ್ ಇದೆ ಅಂದುಕೊಳ್ಳಿ. ಅದರೊಳಗೇ 6.3 ಲೀಟರ್ ನೀರು ನಿಲ್ಲುತ್ತೆ. ಆರಿಹೋದರೆ 0.15 ಯೂನಿಟ್ ನಷ್ಟ, ಬಕೆಟ್ಟಿನ ಶಾಖದ ಶೇ. 40ಕ್ಕೂ ಹೆಚ್ಚು! ಹತ್ತು ಜನ ಒಬ್ಬರ ಹಿಂದೊಬ್ಬರು ಸ್ನಾನ ಮಾಡಿದರೆ ಈ ನಷ್ಟ ಹೆಚ್ಚುಕಮ್ಮಿ ಒಂದೇ ಸಲ. ಗಂಟೆಗಟ್ಟಲೆ ಬಿಟ್ಟು ಬಿಟ್ಟು ಮಾಡಿದರೆ ಹತ್ತು ಸಲ. ಪೈಪು ಅದೇ, ಟ್ಯಾಂಕೂ ಅದೇ. ಯಾರು ಯಾವಾಗ ಸ್ನಾನ ಮಾಡ್ತಾರೆ ಅಂತ ಕೇಳದೆ ಸಾಫ್ಟ್‌ವೇರಿಗೆ ಒಂದು ಶೇಕಡಾವಾರು ಅಂಕಿ ತುಂಬಿದರೆ ಉತ್ತರ ಬರುತ್ತೆ, ಆದರೆ ಅದು ನಮ್ಮ ಹಾಸ್ಟೆಲಿನ ಉತ್ತರ ಆಗಿರಲ್ಲ.

ರೆಡ್ಡಿಯವರಿಗೆ 2000ದಲ್ಲಿ, ಇತರ ಮೂವರ ಜೊತೆ, ವೋಲ್ವೊ ಪರಿಸರ ಪ್ರಶಸ್ತಿ ಬಂತು. 2006ರ ಮೇ 7ರಂದು ಅವರು ತೀರಿಕೊಂಡರು. ಎಲೆಕ್ಟ್ರೋಕೆಮಿಸ್ಟ್ರಿ ಓದೋವಾಗ ಅವರ ಹೆಸರು ಸಿಗುತ್ತೆ. ಅದೇ ಹೆಸರು ಉಂಗ್ರದ ಒಲೆಗಳ ಜೊತೆಗೂ ಸೇರಿದೆ ಅನ್ನೋದು ತುಮಕೂರು ಜಿಲ್ಲೆಯಲ್ಲಿ ಓದ್ತಿರೋ ನಮಗೆ ಗೊತ್ತಿರಬೇಕು. ಮುಂದಿನ ಪ್ರಾಜೆಕ್ಟಿಗೆ ಲ್ಯಾಪ್‌ಟಾಪ್ ತೆರೆಯೋ ಮುಂಚೆ ಒಂದು ಥರ್ಮಾಮೀಟರ್, ಒಂದು ಬಕೆಟ್ ಹಿಡಿದು ಬಚ್ಚಲಿಗೆ ಹೋಗಿ ಬನ್ನಿ.