ವೈಫೈ ಕಂಡುಹಿಡಿದದ್ದು ಸಿನಿಮಾ ನಟಿಯೇ? ಹೆಡಿ ಲಮಾರ್ ನಿಜವಾಗಿ ಮಾಡಿದ್ದೇನು?

ವೈಫೈ, ಬ್ಲೂಟೂತ್, ಜಿಪಿಎಸ್ ಮೂರನ್ನೂ ಒಬ್ಬ ಹಾಲಿವುಡ್ ನಟಿ ಕಂಡುಹಿಡಿದರು ಎಂಬ ಫಾರ್ವರ್ಡ್ ಪುತ್ತೂರು, ಸುಳ್ಯ, ಕಡಬದ ನಿಮ್ಮ ವಾಟ್ಸ್ಯಾಪ್ ಗ್ರೂಪಿಗೂ ಬಂದಿರಬಹುದು. ನಾವು ಪರಿಶೀಲಿಸಿದಾಗ ಸಿಕ್ಕಿದ್ದು ಅರ್ಧ ಸತ್ಯ. ಆದರೆ ಆ ಅರ್ಧವೇ ಮೆಚ್ಚುವಂಥದ್ದು.

ಹೆಡಿ ಲಮಾರ್ ಹುಟ್ಟಿದ್ದು 1914ರ ನವೆಂಬರ್ 9ರಂದು, ಆಸ್ಟ್ರಿಯಾದ ವಿಯೆನ್ನಾದಲ್ಲಿ. ಮೊದಲ ಗಂಡ ಶಸ್ತ್ರಾಸ್ತ್ರ ಕಾರ್ಖಾನೆಗಳ ಒಡೆಯ. 1937ರಲ್ಲಿ ಆ ಸಂಸಾರ ಬಿಟ್ಟು ಅಮೆರಿಕ ಸೇರಿದ ಅವರು ಮರುವರ್ಷವೇ ತಾರೆಯಾದರು. ಎಂಜಿನಿಯರಿಂಗ್ ಓದಿದವರಲ್ಲ.

ಎರಡನೇ ಮಹಾಯುದ್ಧದ ಕಾಲ. ರೇಡಿಯೊದಿಂದ ಟಾರ್ಪೆಡೊ ನಡೆಸಬಹುದು. ಆದರೆ ಶತ್ರು ಅದೇ ತರಂಗಾಂತರದಲ್ಲಿ ಗದ್ದಲ ತುಂಬಿದರೆ ದಾರಿ ತಪ್ಪುತ್ತದೆ. ಇದೇ ಜಾಮಿಂಗ್. ಪುತ್ತೂರು ಜಾತ್ರೆಯ ಗದ್ದೆಯಲ್ಲಿ ಮೈಕ್ ಪಕ್ಕ ನಿಂತರೆ ಮಾತು ಕೇಳಿಸದಲ್ಲ, ಹಾಗೆ. ಇಬ್ಬರೂ ಮೊದಲೇ ಮಾತಾಡಿಕೊಂಡ ಕ್ರಮದಲ್ಲಿ ಕ್ಷಣಕ್ಷಣವೂ ಜಾಗ ಬದಲಿಸುತ್ತಾ ಹೋದರೆ? ಗದ್ದಲ ಮಾಡುವವನಿಗೆ ಎಲ್ಲಿ ಹುಡುಕಬೇಕೆಂದೇ ತಿಳಿಯದು.

ಹೆಡಿ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ ರೂಪಿಸಿದ್ದು ಇದನ್ನೇ. ತಾನಾಗಿ ನುಡಿಯುವ ಪಿಯಾನೊದ ತೂತು ಕಾಗದದ ಸುರುಳಿಯಂತೆ, ಎರಡೂ ಕಡೆ ಒಂದೇ ರೀತಿಯ ಸುರುಳಿ. ಪಿಯಾನೊ ಕೀಲಿಗಳಷ್ಟೇ, 88 ತರಂಗಾಂತರ. 1942ರ ಆಗಸ್ಟ್ 11ರಂದು ಪೇಟೆಂಟ್ ಸಿಕ್ಕಿತು. ನೌಕಾಪಡೆ ಯುದ್ಧದಲ್ಲಿ ಅದನ್ನು ಬಳಸಲಿಲ್ಲ. ಹೆಡಿ ಯುದ್ಧದ ಬಾಂಡ್ ಮಾರಿ ಹಣ ಕೂಡಿಸಿದರು. ಪೇಟೆಂಟ್ ಅವಧಿ 1959ರಲ್ಲಿ ಮುಗಿಯಿತು; ಅವರಿಗೆ ಕಾಸೂ ಸಿಗಲಿಲ್ಲ.

ಹಾಗಾದರೆ ಫಾರ್ವರ್ಡಿನಲ್ಲಿ ತಪ್ಪೇನು? ತರಂಗಾಂತರ ಬದಲಿಸುವ ಯೋಚನೆ ಅವರಿಗಿಂತ ಮೊದಲೂ ಇತ್ತು. ಇಂದಿನ ವೈಫೈ ಹೀಗೆ ಜಿಗಿಯುವುದಿಲ್ಲ, ಜಿಪಿಎಸ್ ಕೂಡ ಬೇರೆ ವಿಧಾನದ್ದು. ಆದರೆ ಬ್ಲೂಟೂತ್ ಜಿಗಿಯುತ್ತದೆ: ಹಾಡು ಕೇಳುವ ಸಾಮಾನ್ಯ ಇಯರ್‌ಫೋನ್‌ನಲ್ಲಿ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಬಾರಿಯವರೆಗೆ. ಸುಳ್ಯದ ಬಸ್ಸಿನಲ್ಲಿ ಹತ್ತು ಮಂದಿ ಇಯರ್‌ಫೋನ್ ಹಾಕಿದರೂ ಒಂದಕ್ಕೊಂದು ಅಡ್ಡಬರದಿರಲು ಇದೂ ಕಾರಣ. ಬೆಂಗಳೂರಿನ ಬಿಇಎಲ್ ನಮ್ಮ ಸೇನೆಗೆ ತಯಾರಿಸುವ ರೇಡಿಯೊಗಳಲ್ಲೂ ಜಾಮಿಂಗ್ ತಪ್ಪಿಸಲು ಇದೇ ಉಪಾಯವಿದೆ.

1997ರಲ್ಲಿ, 82ರ ವಯಸ್ಸಿನಲ್ಲಿ, ಈ ಕೆಲಸಕ್ಕೆ ಅವರಿಗೆ ಪ್ರಶಸ್ತಿ ಬಂತು. 2000ದ ಜನವರಿ 19ರಂದು ತೀರಿಕೊಂಡರು.

ಆ ಸಂದೇಶ ಮತ್ತೆ ಬಂದರೆ ಅಳಿಸಬೇಡಿ, ತಿದ್ದಿ ಕಳಿಸಿ. ವೈಫೈ ಅವರದ್ದಲ್ಲ, ಜಾಮಿಂಗ್ ತಪ್ಪಿಸಲು ಪಿಯಾನೊ ಸುರುಳಿಯ ಉಪಾಯ ಹೂಡಿದ್ದು ಮಾತ್ರ ಅವರೂ ಆಂಥೈಲರೂ. ಮಾಡದ್ದನ್ನು ಹೊರಿಸಿ ಹೊಗಳಿದರೆ, ಮಾಡಿದ್ದೇ ಮರೆತುಹೋಗುತ್ತದೆ.