ಲಾಂಗ್‌ಸ್ಟ್ರಾತ್ ಬೋಧಕರೂ ಚಳಿಗಾಲದ ಜೇನ್ನೊಣಗಳೂ

ನಿಮ್ಮಲ್ಲಿ ಯಾರ ಹಿತ್ತಿಲಲ್ಲಾದರೂ ಜೇನುಪೆಟ್ಟಿಗೆ ಇದ್ದರೆ, ಅದರ ಮುಚ್ಚಳ ತೆಗೆದು, ಎರಿ ಕಟ್ಟಿರುವ ಚೌಕಟ್ಟುಗಳನ್ನು ಒಂದೊಂದಾಗಿ ಮೇಲಕ್ಕೆತ್ತಿ ನೋಡಿ, ತಿರುಗಿ ಅವುಗಳ ಸ್ಥಳದಲ್ಲಿಯೇ ಇಡುವದು ನಿಮಗೆ ಸಾಧಾರಣ ಕೆಲಸವಾಗಿ ತೋರಬಹುದು. ಆದರೆ 1851ನೆಯ ಇಸವಿಗೆ ಮುಂಚೆ ಲೋಕದ ಯಾವ ದೇಶದಲ್ಲಿಯೂ ಇದನ್ನು ಹೀಗೆ ಸುಲಭವಾಗಿ ಮಾಡಲು ಯಾರಿಗೂ ಬರುತ್ತಿರಲಿಲ್ಲ. ಇದನ್ನು ಸಾಧ್ಯಮಾಡಿದವರು ಅಮೇರಿಕಾ ದೇಶದ ಒಬ್ಬ ಸಭಾಬೋಧಕರು. ಅವರ ಹೆಸರು ಲೊರೆಂಜೊ ಲೊರೇನ್ ಲಾಂಗ್‌ಸ್ಟ್ರಾತ್.

ಅವರು 1810ನೆಯ ಇಸವಿಯ ದಶಂಬರ 25ರಂದು, ಕ್ರಿಸ್ತಜಯಂತಿಯ ದಿನದಲ್ಲಿಯೇ, ಫಿಲಡೆಲ್ಫಿಯಾ ಪಟ್ಟಣದಲ್ಲಿ ಜನಿಸಿದರು. ಬಾಲ್ಯದಿಂದಲೇ ಹುಳಹುಪ್ಪಟೆಗಳ ಮೇಲೆ ಅವರಿಗೆ ಬಹಳ ಆಸಕ್ತಿ. ಜಲ್ಲಿ ಹಾಸಿದ ದಾರಿಯಲ್ಲಿ ಮೊಣಕಾಲೂರಿ ಇರುವೆಗಳಿಗೆ ರೊಟ್ಟಿಯ ಚೂರುಗಳನ್ನೂ ಸತ್ತ ನೊಣಗಳನ್ನೂ ಹಾಕಿ, ಅವು ಅವನ್ನು ಹೊತ್ತುಕೊಂಡು ಹೋಗುವದನ್ನು ಗಳಿಗೆಗಟ್ಟಲೆ ನೋಡುತ್ತಿದ್ದರು. ಹೀಗೆ ಚಲ್ಲಣದ ಮೊಣಕಾಲುಗಳು ಹರಿದುಹೋದದ್ದಕ್ಕೆ ಒಂದು ಸಾರಿ ಪೆಟ್ಟನ್ನೂ ತಿಂದರು. ತಾಯಿತಂದೆಗಳಿಗೆ ಇದು ಹೊತ್ತು ಕಳೆಯುವ ಕೆಟ್ಟ ಚಾಳಿಯಾಗಿ ಕಂಡದ್ದು ಆಶ್ಚರ್ಯವೇನೂ ಅಲ್ಲ. ಹರಿದ ಬಟ್ಟೆಯನ್ನು ಹೊಲಿಯುವವರ ಕಷ್ಟ ಹುಡುಗರಿಗೆ ತಿಳಿಯುವದುಂಟೇ?

ಯೇಲ್ ವಿದ್ಯಾಶಾಲೆಯಲ್ಲಿ ಓದಿ 1831ರಲ್ಲಿ ಪದವಿ ಹೊಂದಿದರು. 1836ರಲ್ಲಿ ಮಸಚೂಸೆಟ್ಸ್ ಸೀಮೆಯ ಆಂಡೋವರ್ ಊರಿನ ಸಭೆಗೆ ಬೋಧಕರಾದರು; ಅದೇ ವರುಷ ಆನ್ನಾ ಟಕ್ಕರ್ ಎಂಬವರನ್ನು ಮದುವೆಯಾದರು. ಆದರೆ ಯೌವನದಿಂದಲೇ ಅವರನ್ನು ಒಂದು ವ್ಯಾಧಿಯು ಹಿಡಿದಿತ್ತು. ಅದು ದೇಹದ ವ್ಯಾಧಿಗಿಂತ ಹೆಚ್ಚಾಗಿ ಮನಸ್ಸಿನದು. ಆಗಾಗ್ಗೆ ಕಾರಣವಿಲ್ಲದ ಗಾಢವಾದ ದುಃಖವು ಅವರ ಮೇಲೆ ಕವಿದು ವಾರಗಟ್ಟಲೆ, ಕೆಲವು ಸಾರಿ ತಿಂಗಳುಗಟ್ಟಲೆ ಬಿಡುತ್ತಿರಲಿಲ್ಲ. ಇದರಿಂದ ಸಭೆಯ ಕೆಲಸವನ್ನೂ, ಆ ಮೇಲೆ ಹೆಣ್ಣುಮಕ್ಕಳ ಶಾಲೆಯ ಕೆಲಸವನ್ನೂ ಪದೇ ಪದೇ ಬಿಡಬೇಕಾಯಿತು.

1838ರ ಬೇಸಿಗೆಯಲ್ಲಿ ಅವರು ಒಬ್ಬ ಸ್ನೇಹಿತನ ಮನೆಗೆ ಹೋದಾಗ, ಮೇಜಿನ ಮೇಲೆ ಒಂದು ಗಾಜಿನ ಗುಂಡಿನೊಳಗೆ ಜೇನುತುಂಬಿದ ಎರಿಯು ಹೊಳೆಯುತ್ತಿರುವದನ್ನು ಕಂಡರು. ಆ ಸ್ನೇಹಿತನು ಅವರನ್ನು ಅಟ್ಟದ ಮೇಲೆ ಕರೆದುಕೊಂಡು ಹೋಗಿ ಜೇನ್ನೊಣಗಳನ್ನು ತೋರಿಸಿದನು. ಬಾಲ್ಯದ ಆಸೆಯು ಒಂದೇ ಕ್ಷಣದಲ್ಲಿ ತಿರುಗಿ ಎಚ್ಚತ್ತಿತು. ಮನೆಗೆ ಹೋಗುವದಕ್ಕೆ ಮುಂಚೆ ಎರಡು ಹಿಂಡುಗಳನ್ನು ಕೊಂಡುಕೊಂಡರು.

ಆ ಕಾಲದಲ್ಲಿ ಜೇನು ಸಾಕುವ ರೀತಿ ಹೇಗಿತ್ತೆಂಬದನ್ನು ಸ್ವಲ್ಪ ಹೇಳಬೇಕು. ಹುಲ್ಲಿನ ಬುಟ್ಟಿಗಳಲ್ಲಿಯೂ ಬರೀ ಮರದ ಪೆಟ್ಟಿಗೆಗಳಲ್ಲಿಯೂ ನೊಣಗಳು ತಮಗೆ ಬಂದಂತೆ ಎರಿಗಳನ್ನು ಕಟ್ಟಿ ಗೋಡೆಗೆ ಅಂಟಿಸಿಬಿಡುತ್ತಿದ್ದವು. ಕತ್ತರಿಸಿ ಕೆಡಿಸದೆ ಒಳಗೆ ನೋಡುವ ಹಾಗಿರಲಿಲ್ಲ. ಆದಕಾರಣ ಬೇಸಿಗೆ ಕಳೆದು ಶರತ್ಕಾಲ ಬಂದಾಗ, ಸಾಕುವವನು ಬುಟ್ಟಿಗಳನ್ನು ಎತ್ತಿ ಎತ್ತಿ ಭಾರ ನೋಡುತ್ತಿದ್ದನು. ಬಹು ಭಾರವಾದವುಗಳನ್ನು ಜೇನಿಗೋಸ್ಕರವೂ, ಬಹು ಹಗುರವಾದವುಗಳನ್ನು ಹೇಗೂ ಚಳಿಗಾಲದಲ್ಲಿ ಹಸಿದು ಸಾಯುವವೆಂತಲೂ ಆರಿಸಿಕೊಂಡು, ನೆಲದಲ್ಲಿ ಕುಳಿ ತೋಡಿ ಗಂಧಕವನ್ನು ಉರಿಸಿ, ಅದರ ಮೇಲೆ ಬುಟ್ಟಿಯನ್ನಿಟ್ಟು ನೊಣಗಳನ್ನೆಲ್ಲಾ ಕೊಂದುಬಿಡುತ್ತಿದ್ದನು. ಬೇಸಿಗೆಯೆಲ್ಲಾ ದುಡಿದ ಹಿಂಡಿಗೆ ಸಿಕ್ಕಿದ ಕೂಲಿ ಇದು. ಸಾಕುವವರು ಕ್ರೂರರಾಗಿದ್ದರೆಂದು ಹೇಳಲಾಗದು. ಬೇರೆ ಉಪಾಯ ತಿಳಿದಿರಲಿಲ್ಲ.

ನಮ್ಮ ಸೀಮೆಯವರಿಗೆ ಆ ದೇಶದ ಚಳಿಯನ್ನು ಊಹಿಸುವದು ಕಷ್ಟ. ದಶಂಬರದಿಂದ ಮಾರ್ಚಿನ ವರೆಗೆ ನೆಲವು ಹಿಮದಲ್ಲಿ ಹೂತಿರುತ್ತದೆ. ಒಂದು ಹೂವೂ ಇರುವದಿಲ್ಲ. ಹಾಗಾದರೂ ಜೇನ್ನೊಣಗಳು ಇತರ ಹುಳಗಳಂತೆ ನಿದ್ರೆಹೋಗುವದಿಲ್ಲ. ಗಾಳಿಯ ಉಷ್ಣವು ಸುಮಾರು 57 ಡಿಗ್ರಿ ಫಾರನ್‌ಹೀಟಿಗಿಂತ ಇಳಿಯುತ್ತಲೇ ಅವು ರಾಣಿಯನ್ನು ನಡುವೆ ಇಟ್ಟುಕೊಂಡು ಒಂದು ಉಂಡೆಯಾಗಿ ಕೂಡುತ್ತವೆ. ರೆಕ್ಕೆ ಬಡಿಯದೆ ರೆಕ್ಕೆಯ ಸ್ನಾಯುಗಳನ್ನು ಮಾತ್ರ ನಡುಗಿಸಿ ಕಾವು ಹುಟ್ಟಿಸುತ್ತವೆ. ಹೊರಗಿನವು ಒಳಕ್ಕೂ ಒಳಗಿನವು ಹೊರಕ್ಕೂ ಸರಿದು ಚಳಿಯನ್ನು ಹಂಚಿಕೊಳ್ಳುತ್ತವೆ. ಈ ಒಲೆಗೆ ಸೌದೆ ಯಾವದೆಂದರೆ ಜೇನೇ. ಆ ಉತ್ತರದ ಸೀಮೆಗಳಲ್ಲಿ ಒಂದು ಹಿಂಡಿಗೆ ಚಳಿಗಾಲ ಕಳೆಯುವದಕ್ಕೆ ಸುಮಾರು 60 ರಾತಲು ಜೇನು ಬೇಕು. ಅದು ಇದ್ದರೂ ಸಾಲದು, ಉಂಡೆಗೆ ತಗಲಿಯೇ ಇರಬೇಕು. ಕಠಿಣವಾದ ಚಳಿಯಲ್ಲಿ ನೊಣಗಳು ಬರಿದಾದ ಎರಿಯನ್ನು ದಾಟಲಾರದೆ, ಗೇಣು ದೂರದಲ್ಲಿ ಜೇನು ತುಂಬಿರುವಾಗಲೇ ಹಸಿವಿನಿಂದ ಸತ್ತುಬೀಳುತ್ತವೆ.

ಹೀಗಿರಲಾಗಿ, ಪೆಟ್ಟಿಗೆಯನ್ನು ತೆರೆದು ಇಲ್ಲದವರಿಗೆ ಇದ್ದವರದನ್ನು ಕೊಡುವ ದಾರಿಯನ್ನು ಲಾಂಗ್‌ಸ್ಟ್ರಾತರು ಹುಡುಕುತ್ತಿದ್ದರು. ಜಿನೀವಾದ ಕುರುಡ ಪಂಡಿತರಾದ ಹ್ಯೂಬರರ ಗ್ರಂಥವನ್ನು ಅವರು ಓದಿದ್ದರು. ಮೇಲೆ ಪಟ್ಟಿಗಳನ್ನು ಜೋಡಿಸಿದ ಪೆಟ್ಟಿಗೆಯನ್ನು ಉಪಯೋಗಿಸುತ್ತಾ, ಪಟ್ಟಿಗಳಿಗೂ ಮುಚ್ಚಳಕ್ಕೂ ನಡುವೆ ಅಂಗುಲದ ಎಂಟರಲ್ಲಿ ಮೂರು ಭಾಗದಷ್ಟು ಸಂದು ಬಿಟ್ಟರೆ, ನೊಣಗಳು ಅದನ್ನು ಅಂಟಿನಿಂದ ಮುಚ್ಚುವದೂ ಇಲ್ಲ, ಅಲ್ಲಿ ಎರಿ ಕಟ್ಟುವದೂ ಇಲ್ಲ, ತಮ್ಮ ಓಡಾಟಕ್ಕೆ ಹಾದಿಯಾಗಿ ಬಿಡುತ್ತವೆ ಎಂಬದನ್ನು ಕಂಡುಕೊಂಡರು. ಸಂದು ಇದಕ್ಕಿಂತ ಕಿರಿದಾದರೆ ಅಂಟು ಮೆತ್ತುತ್ತವೆ. ಹಿರಿದಾದರೆ ಎರಿ ಕಟ್ಟುತ್ತವೆ. 1851ನೆಯ ಇಸವಿಯ ಶರತ್ಕಾಲದ ಒಂದು ಸಾಯಂಕಾಲ, ಫಿಲಡೆಲ್ಫಿಯಾದಲ್ಲಿ ತಮ್ಮ ಜೇನುತೋಟದಿಂದ ಮನೆಗೆ ನಡೆದುಬರುವಾಗ ಅವರಿಗೆ ಥಟ್ಟನೆ ಹೊಳೆಯಿತು: ಇದೇ ಸಂದನ್ನು ಸುತ್ತಲೂ ಬಿಟ್ಟು, ಎರಿಗೆ ನಾಲ್ಕು ಕಡೆಯೂ ಚೌಕಟ್ಟು ಮಾಡಿ ತೂಗಹಾಕಿದರೆ, ಅದು ಗೋಡೆಗೆ ಅಂಟದು, ಕೈಯಿಂದಲೇ ಎತ್ತಬಹುದು. ನೊಣಗಳು ಅನಾದಿಯಿಂದ ಬಿಡುತ್ತಿದ್ದ ದಾರಿಯೇ ಅದು. ಹೆನ್ರಿ ಬೂರ್ಕಿನ್ ಎಂಬ ಬಡಗಿ ಸ್ನೇಹಿತರು ಪೆಟ್ಟಿಗೆಗಳನ್ನು ಮಾಡಿಕೊಟ್ಟರು. 1852ರ ಅಕ್ಟೋಬರ 5ರಂದು ಸರಕಾರದಿಂದ ಅದರ ಹಕ್ಕುಪತ್ರವು ದೊರೆಯಿತು.

ಇದರಿಂದ ಬಡ ಹಿಂಡಿನ ಗತಿಯು ಬದಲಾಯಿತು. ಶರತ್ಕಾಲದಲ್ಲಿ ಪೆಟ್ಟಿಗೆಯನ್ನು ತೆರೆದು, ಯಾವದಕ್ಕೆ ಎಷ್ಟು ಜೇನಿದೆ, ರಾಣಿ ಇದ್ದಾಳೋ ಇಲ್ಲವೋ ಎಂದು ಕಣ್ಣಾರೆ ನೋಡಬಹುದು. ಸಮೃದ್ಧವಾದ ಹಿಂಡಿನಿಂದ ಜೇನುತುಂಬಿದ ಒಂದೆರಡು ಚೌಕಟ್ಟು ತೆಗೆದು ಹಸಿದ ಹಿಂಡಿನ ಉಂಡೆಗೆ ತಗಲುವಂತೆ ಇಡಬಹುದು. ತೀರಾ ಬಲಹೀನವಾದ ಎರಡನ್ನು ಒಂದಾಗಿ ಕೂಡಿಸಬಹುದು. ತಡವಾಗಿ ಬಂದ ಹೊಸ ಹಿಂಡನ್ನು ಬರೀ ಪೆಟ್ಟಿಗೆಯಲ್ಲಿ ಬಿಡದೆ, ಕಟ್ಟಿದ ಎರಿಗಳನ್ನು ಕೊಟ್ಟು ನೆಲೆಗೊಳಿಸಬಹುದು. ಯಾಕಂದರೆ ಮೇಣ ಮಾಡುವದಕ್ಕೆ ನೊಣಗಳು ಬಹಳ ಜೇನನ್ನು ವೆಚ್ಚಮಾಡುತ್ತವೆ, ಚಳಿಯಲ್ಲಿ ಮೇಣವನ್ನು ಮಾಡಲಾರವು.

ಮೇವು ಕೊಡುವ ಕ್ರಮವೂ ಇದರ ಮೇಲೆಯೇ ಬೆಳೆಯಿತು. ಚಳಿ ಬೀಳುವದಕ್ಕೆ ಮುಂಚೆ ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರು ಬೆರಸಿದ ದಪ್ಪ ಪಾಕವನ್ನು ಕೊಡುತ್ತಾರೆ. ನೊಣಗಳು ಅದರ ನೀರನ್ನು ಆರಿಸಿ, ಎರಿಯಲ್ಲಿ ತುಂಬಿ, ಮೇಣದಿಂದ ಮುಚ್ಚಲು ಸಮಯ ಬೇಕು. ಸಾಯಂಕಾಲದಲ್ಲಿ ಪೆಟ್ಟಿಗೆಯ ಒಳಗೇ ಕೊಟ್ಟು, ಬಾಗಿಲನ್ನು ಕಿರಿದು ಮಾಡುತ್ತಾರೆ. ಇಲ್ಲವಾದರೆ ನೆರೆಯ ಬಲವಾದ ಹಿಂಡುಗಳು ಬಂದು ಕೊಳ್ಳೆಹೊಡೆಯುತ್ತವೆ. ಹಿಮ ಬಿದ್ದ ಮೇಲೆ ತೆಳು ಪಾಕವನ್ನು ಕೊಡಬಾರದು. ಅದನ್ನು ತರುವದಕ್ಕೆ ಉಂಡೆಯನ್ನು ಬಿಟ್ಟ ನೊಣವು ಮರಗಟ್ಟಿ ಸಾಯುತ್ತದೆ, ನೀರಿನ ಆವಿಯು ತಣ್ಣನೆಯ ಮುಚ್ಚಳಕ್ಕೆ ತಗಲಿ ಹನಿಯಾಗಿ ಅವುಗಳ ಮೇಲೆಯೇ ಬೀಳುತ್ತದೆ. ಆಗ ಗಟ್ಟಿ ಸಕ್ಕರೆಯ ಅಚ್ಚನ್ನು ಉಂಡೆಯ ಸರಿಯಾಗಿ ಮೇಲೆ, ಚೌಕಟ್ಟುಗಳ ಮೇಲಿಡುವದೇ ಕ್ಷೇಮ. ಎರಿಗಳ ನಡುವೆ ಸಣ್ಣ ತೂತುಗಳನ್ನು ಕೊರೆದರೆ ನೊಣಗಳು ಉಂಡೆ ಬಿಡದೆ ಒಂದರಿಂದ ಇನ್ನೊಂದಕ್ಕೆ ದಾಟುವವೆಂದು ಲಾಂಗ್‌ಸ್ಟ್ರಾತರು ಕಲಿಸಿದರು. ಇದೆಲ್ಲಾ ಅವರೊಬ್ಬರೇ ಕಂಡುಹಿಡಿದದ್ದಲ್ಲ. ಜರ್ಮನ್ ದೇಶದವರಿಂದಲೂ ಕಲಿತರು. ಆದರೆ ಪೆಟ್ಟಿಗೆ ತೆರೆಯದಿದ್ದರೆ ಈ ವಿದ್ಯೆಯಲ್ಲಿ ಬಹು ಪಾಲು ವ್ಯರ್ಥವೇ.

1853ರಲ್ಲಿ ಅವರ ಪುಸ್ತಕವು ಅಚ್ಚಾಯಿತು. ಅದನ್ನು ಸಿದ್ಧಪಡಿಸುವದರಲ್ಲಿ ಆನ್ನಾರು ಬಹಳ ಸಹಾಯ ಮಾಡಿದರು. ಕೀರ್ತಿ ಬಂತು, ಹಣ ಬರಲಿಲ್ಲ. ಅಷ್ಟು ಸುಲಭವಾದ ಪೆಟ್ಟಿಗೆಯನ್ನು ಯಾರು ಬೇಕಾದರೂ ಮಾಡಬಹುದಾದ್ದರಿಂದ ಅನೇಕರು ಹಕ್ಕುಪತ್ರವನ್ನು ಲಕ್ಷಿಸದೆ ಮಾಡಿ ಮಾರಿದರು. ವ್ಯಾಜ್ಯಗಳಲ್ಲಿ ಹಣವೂ ಶಕ್ತಿಯೂ ಕರಗಿದವು. 1858ರಲ್ಲಿ ಒಹಾಯೊ ಸೀಮೆಯ ಆಕ್ಸ್‌ಫರ್ಡ್ ಎಂಬ ಊರಿಗೆ ಹೋಗಿ, ಮಗ ಜೇಮ್ಸನೊಡನೆ ಇಟಲಿಯ ಜಾತಿಯ ರಾಣಿಗಳನ್ನು ಬೆಳೆಸಿ ದೂರದ ಊರುಗಳಿಗೆ ಕಳುಹಿಸುತ್ತಿದ್ದರು. 1870ರಲ್ಲಿ ಮಗನೂ 1873ರಲ್ಲಿ ಹೆಂಡತಿಯೂ ತೀರಿಹೋದರು. ವ್ಯಾಧಿಯ ಕತ್ತಲೆಯು ಕವಿದಾಗ ಅವರಿಗೆ ಜೇನ್ನೊಣಗಳ ಮಾತೇ ಬೇಡವಾಗುತ್ತಿತ್ತು. ಚದುರಂಗದ ಕಾಯಿಗಳನ್ನಿಟ್ಟುಕೊಂಡು ಮನಸ್ಸನ್ನು ಬೇರೆ ಕಡೆಗೆ ತಿರುಗಿಸಲು ಪ್ರಯತ್ನಿಸುತ್ತಿದ್ದರು. ಕತ್ತಲೆ ಹರಿದ ಮೇಲೆ ಮೊದಲಿನ ಹರ್ಷದಿಂದಲೇ ಪೆಟ್ಟಿಗೆಗಳ ಬಳಿಗೆ ಬರುತ್ತಿದ್ದರು. ಇಂಥ ವ್ಯಾಧಿಯನ್ನು ನಂಬಿಕೆಯ ಕೊರತೆಯೆಂದು ತೀರ್ಪುಮಾಡುವವರು ನಮ್ಮಲ್ಲಿಯೂ ಇದ್ದಾರೆ. ಅವರು ಈ ಬೋಧಕರ ಜೀವಮಾನವನ್ನು ನೋಡಲಿ. ಪುಸ್ತಕವನ್ನು ತಿದ್ದುವ ಬಲ ತಮಗಿಲ್ಲವೆಂದು ಕಂಡು ಆ ಕೆಲಸವನ್ನು ಫ್ರೆಂಚ್ ಮೂಲದ ಚಾರ್ಲ್ಸ್ ದಾದಾಂತ್ ಮತ್ತು ಅವರ ಮಗನಿಗೆ ಒಪ್ಪಿಸಿದರು. ತಿದ್ದಿದ ಪುಸ್ತಕವು 1889ರಲ್ಲಿ ಹೊರಬಿತ್ತು.

ಇಂದಿಗೂ ಆ ದೇಶದ ಉತ್ತರ ಭಾಗಗಳಲ್ಲಿ ಏಪ್ರಿಲ್ ತಿಂಗಳಲ್ಲಿ, ಹಿಮವು ಪೂರಾ ಕರಗುವದಕ್ಕೆ ಮುಂಚೆ, ಬೆಚ್ಚಗಿನ ದಕ್ಷಿಣ ಸೀಮೆಯಿಂದ ಸುಮಾರು ಮೂರು ರಾತಲು ತೂಕದ ಹೊಸ ನೊಣಗಳನ್ನು ಜಾಲರಿಯ ಡಬ್ಬಿಗಳಲ್ಲಿ ತರಿಸಿ ಇದೇ ಮಾದರಿಯ ಪೆಟ್ಟಿಗೆಗಳಿಗೆ ಸುರಿಯುತ್ತಾರೆ. ರಾಣಿಯು ಬೇರೆ ಸಣ್ಣ ಪಂಜರದಲ್ಲಿರುವಳು. ಅದರ ಬಾಯಿಗೆ ಸಕ್ಕರೆಯ ಬಿರಡೆ. ಅದನ್ನು ತಿಂದು ಮುಗಿಸುವ ಕೆಲವು ದಿನಗಳಲ್ಲಿ ನೊಣಗಳು ಅವಳ ವಾಸನೆಗೆ ಒಗ್ಗಿ, ಅವಳನ್ನು ತಮ್ಮವಳೆಂದು ಅಂಗೀಕರಿಸುತ್ತವೆ. ನಮ್ಮ ದಕ್ಷಿಣ ದೇಶದ ತುಡುವೆ ಜೇನಿಗೆ ನ್ಯೂಟನ್ ಎಂಬ ಪಾದ್ರಿಗಳು ತಿರುಚಿನಾಪಳ್ಳಿಯಲ್ಲಿ ಮಾಡಿಸಿದ ಚಿಕ್ಕ ಪೆಟ್ಟಿಗೆಯಲ್ಲಿಯೂ ಇದೇ ಸಂದಿನ ತತ್ವವಿದೆ. ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ನೊಣಗಳು ಹಸಿಯುವದು ಹಿಮದಿಂದಲ್ಲ, ಎಡೆಬಿಡದ ಮಳೆಯಿಂದ. ಆಗ ಸಕ್ಕರೆ ಪಾಕವನ್ನು ಒಳಗಿಡುವವರು ಮುಚ್ಚಳ ತೆಗೆಯುವದು ಆ ಅಂಗುಲದ ಭಾಗದ ದೆಸೆಯಿಂದಲೇ.

ಲಾಂಗ್‌ಸ್ಟ್ರಾತರು ಕಡೆಯ ವರುಷಗಳನ್ನು ಒಹಾಯೊ ಸೀಮೆಯ ಡೇಟನ್ ಪಟ್ಟಣದಲ್ಲಿ ಮಗಳ ಕುಟುಂಬದೊಡನೆ ಕಳೆದರು. 1895ನೆಯ ಇಸವಿಯ ಅಕ್ಟೋಬರ 6ನೆಯ ಆದಿತ್ಯವಾರ ಅಲ್ಲಿಯ ಒಂದು ದೇವಾಲಯದಲ್ಲಿ ಮಾತಾಡಬೇಕೆಂದು ಕರೆಯಲ್ಪಟ್ಟಿದ್ದರು. ಆಗ ಅವರಿಗೆ 84 ವರುಷ. ದೇವರ ಪ್ರೀತಿಯ ವಿಷಯವಾಗಿ ಬೋಧಿಸಲು ಆರಂಭಿಸಿದವರು ಕೆಲವು ಮಾತುಗಳನ್ನು ಹೇಳುವಷ್ಟರಲ್ಲಿ ಕುಸಿದು, ಸಭೆಯವರ ಕಣ್ಣೆದುರಿನಲ್ಲಿಯೇ ಪ್ರಾಣ ಬಿಟ್ಟರು. ಡೇಟನಿನ ವುಡ್‌ಲ್ಯಾಂಡ್ ಸ್ಮಶಾನದಲ್ಲಿ ಅವರನ್ನು ಹೂಣಿಟ್ಟರು.